ಹೆಸರು ಕೇಳದೇ ಬಂದ ಅಕ್ಕನಿಗೆ

ಅಕ್ಕ, ನಿಮ್ಮ ಹೆಸರು ಕೇಳದೇ ಬಂದುಬಿಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2024ರಲ್ಲಿ ಅಮೆರಿಕದ ಎಪ್ಸನ್ ಟೂರ್‌ನಲ್ಲಿ ಆಡಿದೆ. ಮಹಿಳಾ ಗಾಲ್ಫ್‌ನ ದೊಡ್ಡ ವೃತ್ತಿಪರ ಟೂರ್ ಎಲ್‌ಪಿಜಿಎಗೆ ಹತ್ತುವ ಮೆಟ್ಟಿಲು ಅದು. ಆ ವರ್ಷ ರ‍್ಯಾಂಕಿಂಗ್ ಪಟ್ಟಿಯ ಮೊದಲ 15 ಜನರಿಗೆ ಎಲ್‌ಪಿಜಿಎ ಕಾರ್ಡ್, ಅಂದರೆ ಅಲ್ಲಿ ಆಡುವ ಅರ್ಹತೆ. ಹೆಚ್ಚಿನ ಟೂರ್ನಿಗಳು ಮೂರು ದಿನ, 54 ಹೋಲ್. 36 ಹೋಲ್ ಆದ ಮೇಲೆ ಕಟ್, ಅಂದರೆ ಮುಂದಿನ ಸುತ್ತಿಗೆ ಆಯ್ಕೆ, ತಪ್ಪಿದರೆ ಕೈಗೆ ದುಡ್ಡಿಲ್ಲ. ರೂಮು, ಪೆಟ್ರೋಲು ಎಲ್ಲ ನಮ್ಮದೇ.

ಫ್ಲೋರಿಡಾದಲ್ಲಿ ಒಂದೇ ಒಂದು ಹೊಡೆತ ಜಾಸ್ತಿಯಾಗಿ ಕಟ್ ತಪ್ಪಿತು. ಪಾರ್ಕಿಂಗ್‌ನಲ್ಲಿ ಬ್ಯಾಗಿನ ಪಕ್ಕ ಕೂತು ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ. ಮೈಸೂರಲ್ಲಿ ಆಗ ನಡುರಾತ್ರಿ. ಸ್ವಯಂಸೇವಕರ ಟೀ ಶರ್ಟ್ ಹಾಕಿದ್ದ ನೀವು ಬಂದು, "ಯಾಕವ್ವಾ ಅಳ್ತಾ ಇದ್ದೀಯ? ಉಂಡ್ಯಾ?" ಅಂದಿರಿ. ಅಪ್ಪಟ ಮಂಡ್ಯದ ಮಾತು! ಅಳು ಇನ್ನೂ ಜಾಸ್ತಿ ಆಯ್ತು.

ನಿಮ್ಮ ಊಟದ ಡಬ್ಬಿ ನನ್ನ ಕೈಗಿಟ್ಟಿರಿ. ಚಿತ್ರಾನ್ನ, ಕಡಲೆಕಾಯಿ ಬೀಜ ಜಾಸ್ತಿ ಹಾಕಿದ್ದು. ಸ್ಕೋರ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆಮೇಲೆ ಪ್ರಾಕ್ಟೀಸ್ ಗ್ರೀನ್‌ಗೆ ಬಂದು, ಕತ್ತಲಾಗುವ ತನಕ ನಾನು ಪಟ್ ಮಾಡಿದ ಚೆಂಡುಗಳನ್ನು ಒಂದೊಂದಾಗಿ ವಾಪಸ್ ಉರುಳಿಸಿದಿರಿ. ದಿನವಿಡೀ ಬಿಸಿಲಲ್ಲಿ ನಿಂತಿದ್ದವರು ನೀವು. ಕಾಲು ನೋಯುತ್ತಿತ್ತು, ಅಲ್ವಾ?

ಮುಂದಿನ ಟೂರ್ನಿಯಲ್ಲಿ ಕಟ್ ಸಿಕ್ಕಿತು. ಆ ವರ್ಷ ಕಾರ್ಡ್ ಸಿಗಲಿಲ್ಲ. ಆದರೆ ನಡುವೆ ಬಿಟ್ಟು ಬರಲಿಲ್ಲ, ಅದು ನಿಮ್ಮಿಂದ.

ಡಬ್ಬಿ ಕೊಡಲು ಮರೆತೇ ಹೋಯಿತು. ಈಗ ಕುವೆಂಪುನಗರದ ನಮ್ಮ ಅಡುಗೆಮನೆಯಲ್ಲಿದೆ. ಊರಿಗೆ ಬಂದಾಗ ಬನ್ನಿ ಅಕ್ಕ, ಅಮ್ಮ ಅದನ್ನು ಖಾಲಿ ಕೊಡುವುದಿಲ್ಲವಂತೆ.