ಕಲೆ, ವಾಸ್ತುಶಿಲ್ಪ ಮತ್ತು ವಿನ್ಯಾಸದ ಹೊಸ ಪುಸ್ತಕಗಳು: ಏಪ್ರಿಲ್ 1ರಿಂದ ಪೂರೈಕೆಯ ಕ್ರಮದಲ್ಲಿ ಬದಲಾವಣೆ

ಮಾನ್ಯ ಸದಸ್ಯರೇ ಮತ್ತು ಗ್ರಾಹಕರೇ,

ಸಪ್ರೇಮ ನಮಸ್ಕಾರಗಳು.

ಕಲೆ, ವಾಸ್ತುಶಿಲ್ಪ ಮತ್ತು ವಿನ್ಯಾಸ ವಿಭಾಗದ ಹೊಸ ಪುಸ್ತಕಗಳನ್ನು ಮೊದಲು ತಮ್ಮ ವಿಳಾಸಕ್ಕೆ ಕಳುಹಿಸಿ, ತಾವು ನೋಡಿ ಮೆಚ್ಚಿದ ಮೇಲೆ ಹಣ ಪಡೆಯುವ, ಮೆಚ್ಚದಿದ್ದರೆ ಹಿಂದಕ್ಕೆ ತರಿಸಿಕೊಳ್ಳುವ ಪದ್ಧತಿಯನ್ನು ನಮ್ಮ ಸಹಕಾರಿ ಪುಸ್ತಕ ಸಂಘವು ಬರುವ ಏಪ್ರಿಲ್ 1ರಿಂದ ನಿಲ್ಲಿಸುತ್ತಿದೆ. ಇನ್ನು ಮುಂದೆ ಈ ವಿಭಾಗದಲ್ಲಿ, ನೋಡಲೆಂದು ತರಿಸುವ ಒಂದೊಂದು ಪ್ರತಿಯ ಹೊರತಾಗಿ, ಮುಂಗಡವಾಗಿ ಕಾಯ್ದಿರಿಸಿದ ಪ್ರತಿಗಳನ್ನಷ್ಟೇ ತರಿಸಲಾಗುವುದು. ಪ್ರತಿಯೊಂದು ಶೀರ್ಷಿಕೆಯ ಆ ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆ ಬಿಡಿಸಿ ಧಾರವಾಡದ ಮಳಿಗೆಯ ಓದುಮೇಜಿನ ಮೇಲೆ ಇಡಲಾಗುವುದು. ಮಳಿಗೆಗೆ ಬರಲು ಆಗದವರಿಗೆ ಆ ಪುಸ್ತಕ ಹೇಗಿದೆ ಎಂಬುದನ್ನು ಕನ್ನಡದಲ್ಲಿ ವಿವರಿಸುವ ಪರಿಚಯ ಪತ್ರವನ್ನು ಕಳುಹಿಸಲಾಗುವುದು. ಕಾದಂಬರಿ, ಕವಿತೆ, ವಿಮರ್ಶೆ, ಮಕ್ಕಳ ಸಾಹಿತ್ಯ ಮೊದಲಾದ ಉಳಿದ ವಿಭಾಗಗಳಲ್ಲಿ ಈಗಿರುವ ಕ್ರಮವೇ ಮುಂದುವರಿಯುತ್ತದೆ.

ಒಂದೇ ಸಂಘದಲ್ಲಿ ಎರಡು ಕ್ರಮಗಳು ಏಕೆ ಎಂದು ತಾವು ಕೇಳುವುದು ಸಹಜ. ಮುಖ್ಯ ಕಾರಣ ಈ ಪುಸ್ತಕಗಳ ತೂಕ. ಸಾಮಾನ್ಯ ಕಾದಂಬರಿಯ ಅಳತೆಯಾದ ಡೆಮಿ 1/8 ಆಕಾರದಲ್ಲಿ, 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಗ್ರಾಂಗಳಲ್ಲಿ) ಕಾಗದದ ಮೇಲೆ ಅಚ್ಚಾದ ಮುನ್ನೂರು ಪುಟದ ಕಾದಂಬರಿಯಲ್ಲಿ ಕಾಗದದ ಭಾರ ಮುನ್ನೂರು ಗ್ರಾಂ ಚಿಲ್ಲರೆ. ಅಷ್ಟೇ ಪುಟಗಳ ಚಿತ್ರಸಂಪುಟವು 25 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರವಿದ್ದು 150 ಜಿಎಸ್‌ಎಂ ಆರ್ಟ್ ಪೇಪರ್‌ನಲ್ಲಿ ಅಚ್ಚಾಗಿದ್ದರೆ ಕಾಗದವೊಂದೇ ಒಂದೂಮುಕ್ಕಾಲು ಕಿಲೋ ಸಮೀಪಕ್ಕೆ ಬರುತ್ತದೆ. ರಟ್ಟು ಸೇರಿದರೆ ಎರಡು ಕಿಲೋ. ಇಷ್ಟು ಭಾರದ ಪುಸ್ತಕ ಪೊಟ್ಟಣದೊಳಗೆ ಸ್ವಲ್ಪ ಅಲುಗಿದರೂ ಸಾಕು, ತನ್ನ ಭಾರಕ್ಕೇ ತನ್ನ ಮೂಲೆ ಜಜ್ಜಿಕೊಳ್ಳುತ್ತದೆ. ಹೋಗುವಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ ಪ್ರಯಾಣ ಮಾಡಿದ ಸಂಪುಟವನ್ನು ಮೂರನೆಯವರಿಗೆ ಹೊಸದೆಂದು ಪೂರ್ಣ ಬೆಲೆಗೆ ಕೊಡಲು ನಮಗೆ ಮನಸ್ಸಾಗುವುದಿಲ್ಲ, ಕೊಳ್ಳುವವರೂ ಒಪ್ಪುವುದಿಲ್ಲ. ಆಮದು ವಿತರಕರು ಇಂಥ ಪುಸ್ತಕಗಳನ್ನು ಹೆಚ್ಚಾಗಿ ಹಿಂತಿರುಗಿಸಬಾರದೆಂಬ ಷರತ್ತಿನ ಮೇಲೆಯೇ ಕೊಡುವುದರಿಂದ ಮೂಲೆ ಜಜ್ಜಿದ ಪ್ರತಿ ಸಂಘದ ಕಪಾಟಿನಲ್ಲೇ ಉಳಿಯುತ್ತದೆ, ಅದರ ಮೇಲೆ ಹೂಡಿದ ಸದಸ್ಯರ ಷೇರು ಹಣವೂ ಅಲ್ಲೇ ಉಳಿಯುತ್ತದೆ.

ಅಂಚೆಯ ವ್ಯವಸ್ಥೆಯೂ ಬದಲಾಗಿದೆ. ಪುಸ್ತಕ ವ್ಯಾಪಾರದವರೆಲ್ಲ ನೆಚ್ಚಿಕೊಂಡಿದ್ದ ನೋಂದಾಯಿತ ಪುಸ್ತಕ ಅಂಚೆ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ್ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿದ್ದು, ಅದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, ತೂಕ ಏರಿದಂತೆ ಹೆಚ್ಚುತ್ತ ಗರಿಷ್ಠ ಮಿತಿಯಾದ 5 ಕಿಲೋಗೆ 100 ರೂಪಾಯಿ ಮತ್ತು ಅದರ ಮೇಲೆ ತೆರಿಗೆ ಎಂದು ದರ ನಿಗದಿಯಾಗಿದೆ. ಪೊಟ್ಟಣ ಎಲ್ಲಿದೆ ಎಂದು ತಿಳಿಯುವ ಅನುಕೂಲವೂ ಇದೆ. ಖಾಸಗಿ ಕೊರಿಯರ್‌ನವರು ಕಿಲೋ ಲೆಕ್ಕದಲ್ಲಿ ಕೇಳುವ ದರಕ್ಕೆ ಹೋಲಿಸಿದರೆ ಇದು ನಿಜಕ್ಕೂ ಅಗ್ಗವಾದ್ದರಿಂದ ಮುಂದೆಯೂ ಇದನ್ನೇ ಬಳಸಲಿದ್ದೇವೆ. ಆದರೆ ಇದು ಭೂಸಾರಿಗೆಯಲ್ಲಿ ಹೋಗುವ ಸೇವೆಯಾದ್ದರಿಂದ ದಿನ ಹೆಚ್ಚು ಹಿಡಿಯುತ್ತದೆ, ಮೇಲೆ ಹೇಳಿದಂಥ ಸಂಪುಟಗಳು ಒಂದು ಪೊಟ್ಟಣದಲ್ಲಿ ಎರಡಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಜಾಹೀರಾತು ಹೊತ್ತ ನಿಯತಕಾಲಿಕಗಳಿಗೆ ಇದರಲ್ಲಿ ಅವಕಾಶವಿಲ್ಲದ ಕಾರಣ, ವಿನ್ಯಾಸದ ಪತ್ರಿಕೆಗಳನ್ನು ತರಿಸುವವರು ಅವನ್ನು ಮಳಿಗೆಯಿಂದ ಒಯ್ಯಬೇಕು, ಇಲ್ಲವೇ ಸ್ಪೀಡ್ ಪೋಸ್ಟ್ ವೆಚ್ಚ ಭರಿಸಬೇಕು.

ಮಳೆಗಾಲದ ಮಾತನ್ನು ಬೇರೆಯಾಗಿಯೇ ಹೇಳಬೇಕು. ಆರ್ಟ್ ಪೇಪರ್‌ನ ಹೊಳಪು ಅದರ ಮೇಲೆ ಬಳಿದ ನಯವಾದ ಬಿಳಿಮಣ್ಣಿನ ಲೇಪದಿಂದ ಬರುತ್ತದೆ. ಇಂಥ ಲೇಪವಿಲ್ಲದ ಸಾಧಾರಣ ಮ್ಯಾಪ್‌ಲಿಥೊ ಕಾಗದದ ಪುಸ್ತಕ ನೆನೆದರೆ ಉಬ್ಬಿಕೊಂಡರೂ ಒಣಗಿಸಿ ಓದಬಹುದು. ಆರ್ಟ್ ಪೇಪರ್ ನೆನೆದರೆ ಆ ಲೇಪ ಕರಗಿ ಎದುರುಬದುರಿನ ಪುಟಗಳು ಒಂದಕ್ಕೊಂದು ಅಂಟುತ್ತವೆ, ಒಣಗಿದ ಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಅದನ್ನು ಸರಿಪಡಿಸುವ ಉಪಾಯ ನಮಗಂತೂ ತಿಳಿದಿಲ್ಲ. ಘಟ್ಟದ ಕೆಳಗಿನ ಊರುಗಳಿಗೂ ಮಲೆನಾಡಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಚ್ಚಿಗೆಯ ಮೇಲೆ ಪುಸ್ತಕ ಕಳುಹಿಸುವುದೆಂದರೆ ಎರಡೂ ಕಡೆಯ ಪ್ರಯಾಣದಲ್ಲಿ ಮಳೆಗೆ ಒಡ್ಡುವುದೇ ಆಗುತ್ತದೆ. ಹೊಸ ಕ್ರಮದಲ್ಲಿ ಈ ನಾಲ್ಕು ತಿಂಗಳು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕೊಡಗು, ಶಿವಮೊಗ್ಗ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಗೆ ಚಿತ್ರಸಂಪುಟಗಳನ್ನು ರವಾನಿಸುವುದಿಲ್ಲ. ಆ ಅವಧಿಯಲ್ಲಿ ಬಂದ ಪ್ರತಿಗಳನ್ನು ತಮ್ಮ ಹೆಸರಿನಲ್ಲಿ ತೆಗೆದಿಟ್ಟು ಅಕ್ಟೋಬರ್‌ನಲ್ಲಿ ಕಳುಹಿಸುತ್ತೇವೆ. ಅವಸರವಿದ್ದವರು ಮಳಿಗೆಯಿಂದಲೇ ಒಯ್ಯಬಹುದು.

ಬೆಲೆಯ ವಿಷಯದಲ್ಲಿ ಎರಡು ಮಾತು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದ್ದರಿಂದ ಬೆಲೆ ಏರಬಾರದು ಎಂದು ಕೆಲವು ಸದಸ್ಯರು ವಾದಿಸುತ್ತಾರೆ. ಜಿಎಸ್‌ಟಿ ಇಲ್ಲವೆಂಬುದು ನಿಜವಾದರೂ 2019ರ ಬಜೆಟ್‌ನಿಂದ ಆಮದು ಪುಸ್ತಕಗಳ ಮೇಲೆ ಶೇ. 5ರಷ್ಟು ಸುಂಕವಿದೆ; ಇಲ್ಲಿಯೇ ಅಚ್ಚಾಗುವ ಪುಸ್ತಕಗಳ ಕಾಗದದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 12ರಿಂದ 18ಕ್ಕೆ ಏರಿತು. ಮಾರುವ ಪುಸ್ತಕಕ್ಕೆ ತೆರಿಗೆಯೇ ಇಲ್ಲದ್ದರಿಂದ ಕಾಗದಕ್ಕೆ ಕೊಟ್ಟ ತೆರಿಗೆಯನ್ನು ಪ್ರಕಾಶಕರು ಮರಳಿ ಹೊಂದಿಸಿಕೊಳ್ಳಲು ಬರುವುದಿಲ್ಲ, ಅದು ಪುಸ್ತಕದ ಬೆಲೆಯೊಳಗೆ ಸೇರುತ್ತದೆ. ಕಾದಂಬರಿಯಲ್ಲಿ ಇದು ಗೊತ್ತಾಗದಷ್ಟು ಸಣ್ಣದು. ಎರಡು ಕಿಲೋ ತೂಗುವ ಸಂಪುಟದಲ್ಲಿ ಹಾಗಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಸಂಘವೂ ಒಪ್ಪುತ್ತದೆ. ಕಲೆಯ ಪುಸ್ತಕವನ್ನು ಕಣ್ಣಾರೆ ಕಾಣದೆ ಕೊಳ್ಳಬಾರದು. ಮುಖಪುಟದ ಚಿತ್ರವೂ ಪ್ರಕಾಶಕರ ನಾಲ್ಕು ಸಾಲಿನ ಹೊಗಳಿಕೆಯೂ ಒಳಗಿನದನ್ನು ಹೇಳುವುದಿಲ್ಲ. ಮೆಚ್ಚಿಗೆಯ ಪದ್ಧತಿ ಇಷ್ಟು ಕಾಲ ನಡೆದದ್ದು ಈ ಕಾರಣಕ್ಕೇ, ಆದ್ದರಿಂದ ಅದನ್ನು ನಿಲ್ಲಿಸುವಾಗ ಆ ಸ್ಥಾನದಲ್ಲಿ ಇಡುವ ಪರಿಚಯ ಪತ್ರವು ನೆಪಮಾತ್ರದ್ದಾಗಬಾರದು. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಆಕಾರ, ಬಳಸಿದ ಕಾಗದ, ಅಚ್ಚಾದ ಪ್ರತಿಗಳು ಎಂದು ಮುದ್ರಿಸುವ ಒಳ್ಳೆಯ ರೂಢಿಯಿದೆ. ಹೊರದೇಶದ ದುಬಾರಿ ಸಂಪುಟಗಳಲ್ಲಿ ಇದು ಅಪರೂಪ. ನಮ್ಮ ಪತ್ರ ಅಲ್ಲಿಂದ ಆರಂಭವಾಗಿ, ಬೈಂಡಿಂಗ್ ಹೊಲಿಗೆಯದೋ ಬರಿಯ ಅಂಟಿನದೋ, ಮೇಜಿನ ಮೇಲಿಟ್ಟರೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೋ ಇಲ್ಲವೋ ಎಂಬುದನ್ನು ಮೊದಲು ಹೇಳುತ್ತದೆ.

ವಾಸ್ತುಶಿಲ್ಪದ ಪುಸ್ತಕದಲ್ಲಿ ಇದು ಅಲಂಕಾರದ ಮಾತಲ್ಲ. ಸೋಮನಾಥಪುರದ ಕೇಶವ ದೇವಾಲಯದ ತಲವಿನ್ಯಾಸವನ್ನೇ, ಅಂದರೆ ನೆಲನಕ್ಷೆಯನ್ನೇ ನೋಡಿ. 1258ರಲ್ಲಿ ಪ್ರತಿಷ್ಠೆಯಾದ ಮೂರು ಗರ್ಭಗುಡಿಗಳ ಈ ತ್ರಿಕೂಟದಲ್ಲಿ ನಕ್ಷತ್ರಾಕಾರದ ಮೂರು ವಿಮಾನಗಳಿದ್ದು (ವಿಮಾನವೆಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರ), ಎಡಬಲದ ಎರಡನ್ನು ಸರಿತೂಗಿಸುವಂತೆ ನಡುವಿನ ಗರ್ಭಗುಡಿಯೂ ಮುಂದಿನ ನವರಂಗ ಮಂಟಪವೂ ಒಂದೇ ಅಕ್ಷದ ಮೇಲೆ ನಿಲ್ಲುತ್ತವೆ. ಈ ನಕ್ಷೆಯನ್ನು ದೊಡ್ಡದಾಗಿ ತೋರಿಸುವ ಆಸೆಯಿಂದ ಎದುರುಬದುರು ಪುಟಗಳಿಗೆ ಹರಡಿದರೆ ಆ ಅಕ್ಷವೇ ನಡುವಿನ ಮಡಿಕೆಗೆ ಬೀಳುತ್ತದೆ. ಅಂಟಿನ ಬೈಂಡಿಂಗ್ ಆದರೆ ನಡುವಿನ ಗರ್ಭಗುಡಿ ಅರ್ಧ ನುಂಗಿಹೋಗುತ್ತದೆ. ನಕ್ಷೆಯ ಕೆಳಗೆ 1:200 ಎಂದಷ್ಟೇ ಬರೆದು ಅಳತೆಪಟ್ಟಿ ಕೊಡದ ಪುಸ್ತಕಗಳೂ ಇವೆ. ಮೂಲ ನಕ್ಷೆಯನ್ನು ಪುಟಕ್ಕೆ ಹೊಂದುವಂತೆ ಕುಗ್ಗಿಸಿದ ಕ್ಷಣವೇ ಆ ಅನುಪಾತಕ್ಕೆ ಅರ್ಥವಿಲ್ಲವಾಗುತ್ತದೆ, ಅಳತೆಪಟ್ಟಿಯಿದ್ದರೆ ಅದು ನಕ್ಷೆಯೊಡನೆ ತಾನೂ ಕುಗ್ಗಿ ಸರಿಯಾದ ಲೆಕ್ಕ ಕೊಡುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಶಿಲ್ಪದ ಪುಸ್ತಕಗಳನ್ನು ಕೇಳುವವರು ಹೆಚ್ಚಿದ್ದಾರೆ. ಸಂಜೆಯ ಬಿಸಿಲಿನ ಛಾಯಾಚಿತ್ರಗಳು ತುಂಬಿದ್ದು ಒಂದೂ ಸರಿಯಾದ ನಕ್ಷೆಯಿಲ್ಲದ ಸಂಪುಟವಾದರೆ ಹಾಗೆಂದು ಪರಿಚಯ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ.

ಚಿತ್ರಕಲೆಯ ಪುಸ್ತಕದಲ್ಲಿ ನೋಡಬೇಕಾದದ್ದು ಬೇರೆ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಪುಡಿ ಮತ್ತು ಅಂಟು ಕಲಸಿ ಮಾಡಿದ ಗೆಸ್ಸೋ ಲೇಪದ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ಆ ಲೇಪದ ಉಬ್ಬು ತಂಜಾವೂರಿನ ಚಿತ್ರಗಳಲ್ಲಿರುವಷ್ಟು ದಪ್ಪವಲ್ಲ, ತೆಳುವಾದದ್ದು. ಸಾಮಾನ್ಯ ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಚಿನ್ನದ ಹೊಳಪನ್ನು ತರುವ ಶಕ್ತಿಯಿಲ್ಲ, ರೇಕು ಇದ್ದ ಜಾಗ ಸಾಸಿವೆ ಹಳದಿಯಾಗಿಯೋ ಮಾಸಲು ಕಂದಾಗಿಯೋ ಕಾಣುತ್ತದೆ. ಐದನೆಯ ಬಣ್ಣವಾಗಿ ಲೋಹದ ಶಾಯಿ ಬಳಸಿದ್ದರೆ ಹೊಳಪು ಬರುತ್ತದೆ. ಆದರೂ ಉಬ್ಬು ತಿಳಿಯಬೇಕಾದರೆ ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಒಂದೆರಡು ವಿವರಚಿತ್ರಗಳಾದರೂ ಪುಸ್ತಕದಲ್ಲಿ ಬೇಕು. ಅವು ಇವೆಯೇ ಇಲ್ಲವೇ ಎಂಬುದನ್ನು ಪತ್ರದಲ್ಲಿ ನಮೂದಿಸುತ್ತೇವೆ. ವಿನ್ಯಾಸ ಮತ್ತು ಕಸೂತಿಯ ಪುಸ್ತಕಗಳನ್ನು ನೋಡಲು ನಮ್ಮ ಸದಸ್ಯರಲ್ಲೇ ಸೂಜಿ ಹಿಡಿದು ಪಳಗಿದವರಿದ್ದಾರೆ. ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ಬಗೆಯಾಗಿ ಕಾಣಬೇಕು. ಮುಂಬದಿಯ ಚಿತ್ರವನ್ನಷ್ಟೇ ಕೊಟ್ಟು, ಎಳೆ ಎಣಿಸಿ ಹಾಕಲು ಬೇಕಾದ ಚೌಕಳಿ ನಕ್ಷೆಯನ್ನು ಬಿಟ್ಟ ಪುಸ್ತಕ ನೋಡುವವರಿಗೆ ಚೆಂದ, ಹಾಕುವವರಿಗೆ ಕೆಲಸಕ್ಕೆ ಬಾರದು. ಇಂಥ ಪುಸ್ತಕ ಯಾರಿಗೆ ಎಂಬುದನ್ನು ಆ ಸದಸ್ಯರೇ ನೋಡಿ ಹೇಳಲು ಒಪ್ಪಿದ್ದಾರೆ.

ಹೀಗೆ ಪರಿಶೀಲಿಸಿ ಬರೆಯಬೇಕಾದ್ದರಿಂದ ಶೀರ್ಷಿಕೆಗಳ ಸಂಖ್ಯೆ ಕಡಿಮೆಯಾಗಲಿದೆ. ಪ್ರಕಟವಾದದ್ದೆಲ್ಲವನ್ನೂ ತರಿಸಿ ಪಟ್ಟಿ ಬೆಳೆಸುವುದಕ್ಕಿಂತ ಕೈಗೆತ್ತಿ ನೋಡಿದ್ದನ್ನಷ್ಟೇ ಮಾರುವುದು ನಮ್ಮಂಥ ಸಣ್ಣ ಸಂಘಕ್ಕೆ ಹೊಂದುತ್ತದೆಂದು ಆಡಳಿತ ಮಂಡಳಿಯ ಅಭಿಪ್ರಾಯ. ಪಟ್ಟಿಯಲ್ಲಿಲ್ಲದ ಪುಸ್ತಕ ಬೇಕಾದವರು ಕೇಳಿದರೆ ತರಿಸಿಕೊಡುತ್ತೇವೆ. ಅದಕ್ಕೆ ಮಾತ್ರ ಪರಿಚಯ ಪತ್ರ ಇರುವುದಿಲ್ಲ.

ಇನ್ನು ವ್ಯವಹಾರದ ನಿಯಮಗಳು. ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿ ತಿಂಗಳ ಮೊದಲ ವಾರದಲ್ಲಿ ಪರಿಚಯ ಪತ್ರಗಳನ್ನು ಕಳುಹಿಸಲಾಗುವುದು. ಆಯಾ ತಿಂಗಳ 25ರೊಳಗೆ ಪುಸ್ತಕದ ಬೆಲೆಯ ಕಾಲುಭಾಗ ಮುಂಗಡ ಕೊಟ್ಟು ಕಾಯ್ದಿರಿಸಬೇಕು. ವಿತರಕರಿಗೆ ಬೇಡಿಕೆ ಹೋಗುವವರೆಗೆ ರದ್ದುಪಡಿಸಿದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸುತ್ತೇವೆ, ಬೇಡಿಕೆ ಹೋದ ಮೇಲೆ ಸಾಧ್ಯವಾಗುವುದಿಲ್ಲ. ಪುಟ ತಪ್ಪಿದ, ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಂತೆ) ತಲೆಕೆಳಗಾದ, ಬಣ್ಣದ ಪದರಗಳು ಕೂಡದೆ ಚಿತ್ರ ಮಸುಕಾದ ಪ್ರತಿ ಬಂದರೆ, ಅಥವಾ ದಾರಿಯಲ್ಲಿ ಪೆಟ್ಟು ತಿಂದು ಬಂದರೆ, ಹತ್ತು ದಿನಗಳೊಳಗೆ ಚಿತ್ರಸಹಿತ ತಿಳಿಸಿ. ಬೇರೆ ಪ್ರತಿ ಕೊಡುವ ಅಥವಾ ಹಣ ಮರಳಿಸುವ ಹೊಣೆ ಸಂಘದ್ದು, ಸಾಗಣೆ ವೆಚ್ಚವೂ ಸಂಘದ್ದೇ. ಪರಿಚಯ ಪತ್ರದಲ್ಲಿ ಹೇಳಿದ್ದಕ್ಕೂ ಕೈಗೆ ಬಂದ ಪುಸ್ತಕಕ್ಕೂ ತಾಳೆಯಾಗದಿದ್ದರೆ ಅದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಹೊರದೇಶದಲ್ಲಿರುವ ಸದಸ್ಯರು ಇಲ್ಲಿನ ಬಂಧುಗಳ ವಿಳಾಸ ಕೊಟ್ಟರೆ ಅಲ್ಲಿಗೆ ತಲುಪಿಸಬಹುದು.

ಓದುಮೇಜಿನ ಪ್ರತಿಗಳನ್ನು ಮಳಿಗೆಯ ವೇಳೆಯಲ್ಲಿ ಯಾರು ಬೇಕಾದರೂ ನೋಡಬಹುದು, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ವಾಸ್ತುಶಿಲ್ಪ ಮತ್ತು ಚಿತ್ರಕಲಾ ವಿದ್ಯಾರ್ಥಿಗಳು ಕೂತು ನಕ್ಷೆ ಬಿಡಿಸಿಕೊಳ್ಳುವುದಾದರೆ ಸೀಸದ ಕಡ್ಡಿ ಮಾತ್ರ ಬಳಸಬೇಕೆಂದು ವಿನಂತಿ. ಪುಟದ ಮೇಲೆಯೇ ಟ್ರೇಸಿಂಗ್ ಹಾಳೆ ಇಟ್ಟು ಒತ್ತಿ ಗೆರೆ ಎಳೆದರೆ ಲೇಪಿತ ಕಾಗದದ ಮೇಲೆ ಆ ಗೆರೆಯ ಗುರುತು ಶಾಶ್ವತವಾಗಿ ಕೂರುತ್ತದೆ, ಹಾಗಾಗಿ ಅದಕ್ಕೆ ಅನುಮತಿಯಿಲ್ಲ. ವರ್ಷ ಕಳೆದ ಮೇಲೆ ಈ ಪ್ರತಿಗಳನ್ನು ಅರ್ಧ ಬೆಲೆಗೆ ಮಾರಲಾಗುವುದು, ಮೊದಲ ಆದ್ಯತೆ ವಿದ್ಯಾರ್ಥಿಗಳಿಗೆ ಮತ್ತು ಶಾಲಾ ಚಿತ್ರಕಲಾ ಶಿಕ್ಷಕರಿಗೆ.

ಈಗಾಗಲೇ ಮೆಚ್ಚಿಗೆಯ ಮೇಲೆ ತಮ್ಮ ಬಳಿ ಇರುವ ಪುಸ್ತಕಗಳಿಗೆ ಹಳೆಯ ನಿಯಮವೇ ಅನ್ವಯಿಸುತ್ತದೆ. ಅವನ್ನು ಉಳಿಸಿಕೊಳ್ಳುವವರು ಮಾರ್ಚ್ 31ರೊಳಗೆ ಹಣ ಸಂದಾಯ ಮಾಡಬೇಕು. ಮರಳಿಸುವವರು ಅದೇ ದಿನಾಂಕದೊಳಗೆ, ಪುಸ್ತಕ ಬಂದ ರಟ್ಟಿನ ಪೆಟ್ಟಿಗೆಯಲ್ಲೇ, ಮೂಲೆಗಳಿಗೆ ಕಾಗದದ ಒತ್ತು ಕೊಟ್ಟು ಕಳುಹಿಸಬೇಕಾಗಿ ಕೋರುತ್ತೇವೆ. ಏಪ್ರಿಲ್‌ನ ಪರಿಚಯ ಪತ್ರಗಳು ಅಂಚೆಯಲ್ಲಿ ಬೇಕೋ ವಾಟ್ಸ್‌ಆ್ಯಪ್‌ನಲ್ಲಿ ಸಾಕೋ ಎಂಬುದನ್ನು ಸದಸ್ಯತ್ವ ಸಂಖ್ಯೆಯೊಡನೆ ಮಳಿಗೆಗೆ ತಿಳಿಸಿರಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)
ಧಾರವಾಡ