ಹಳೆಯ ಬೈಕುಗಳ ಸುಧಾರಣೆಗೆ ಕಾನೂನಿನಲ್ಲಿ ದಾರಿ ಇರಲಿ

ಮಾನ್ಯ ಸಂಪಾದಕರೇ,

ಕರ್ಕಶ ಸದ್ದಿನ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ಅವುಗಳ ಮೇಲೆ ರೋಡ್ ರೋಲರ್ ಹರಿಸುವ ಚಿತ್ರಗಳು ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಪೊಲೀಸರ ಈ ಕ್ರಮಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಹಳೆಯ ಗಾಡಿಗೆ ಕೈ ಹಾಕುವವರೆಲ್ಲ ಸದ್ದು ಮಾಡಿಕೊಂಡು ತಿರುಗುವ ಪುಂಡರೇ ಎಂಬ ಭಾವನೆ ಇದರಿಂದ ಜನರಲ್ಲಿಯೂ ಅಧಿಕಾರಿಗಳಲ್ಲಿಯೂ ಬೇರೂರುತ್ತಿದೆ. ಬಳ್ಳಾರಿಯ ಬೀದಿಗಳಲ್ಲಿ ಇಂದಿಗೂ ಓಡುತ್ತಿರುವ ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್, ಮೈಸೂರಿನಲ್ಲಿ ತಯಾರಾದ ಯೆಜ್ಡಿ, ಯಮಹಾ ಆರ್‌ಎಕ್ಸ್ 100, ಹೀರೋ ಹೋಂಡಾ ಸಿಡಿ 100ರಂತಹ ಒಂಟಿ ಸಿಲಿಂಡರ್ ಬೈಕುಗಳು ಸುರಕ್ಷಿತವಾಗಿ ಓಡಬೇಕಾದರೆ ಕೆಲವು ಬದಲಾವಣೆಗಳು ಬೇಕೇ ಬೇಕು. ಶೋಕಿಯ ಬದಲಾವಣೆಯನ್ನೂ ಸುರಕ್ಷತೆಯ ಬದಲಾವಣೆಯನ್ನೂ ಸಾರಿಗೆ ಇಲಾಖೆ ಬೇರೆ ಬೇರೆಯಾಗಿ ಕಾಣಬೇಕು ಎಂಬುದಷ್ಟೇ ಈ ಪತ್ರದ ಕೋರಿಕೆ.

ಬ್ರೇಕಿನ ವಿಷಯವನ್ನೇ ಮೊದಲು ನೋಡೋಣ. 346 ಸಿಸಿಯ ಹಳೆಯ ಬುಲೆಟ್ಟಿನ ಸಿಲಿಂಡರ್ 70 ಮಿ.ಮೀ. ಅಗಲವಿದ್ದು, ಪಿಸ್ಟನ್ 90 ಮಿ.ಮೀ. ಮೇಲೆ ಕೆಳಗೆ ಚಲಿಸುತ್ತದೆ; ನಿಧಾನವಾಗಿ ಸುತ್ತುತ್ತಾ ಭಾರ ಎಳೆಯಲೆಂದೇ ರೂಪಿಸಿದ ಎಂಜಿನ್ ಅದು. ಅದನ್ನು ನಿಲ್ಲಿಸಲು ಮುಂದೊಂದು ಹಿಂದೊಂದು ಡ್ರಮ್ ಬ್ರೇಕ್ ಸಾಕೆಂದು ಆ ಕಾಲದ ರಸ್ತೆ ನೋಡಿದವರು ತೀರ್ಮಾನಿಸಿದ್ದರು. ಇಂದು ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳ ನಡುವೆ ಹೋಗುವಾಗ ಮುಂದಿನ ವಾಹನ ಎಬಿಎಸ್ (ಚಕ್ರ ಬಿಗಿದು ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಬಲದಿಂದ ತಟ್ಟನೆ ನಿಂತರೆ, ಹಿಂದಿರುವ ಡ್ರಮ್ ಬ್ರೇಕಿನ ಸವಾರನಿಗೆ ಉಳಿಯುವುದು ರಸ್ತೆಯ ಅಂಚು ಮಾತ್ರ. 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಮಾಡಿದ ಸರ್ಕಾರವೇ, ಹಳೆಯ ಬೈಕಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿಸಿಕೊಂಡವನು ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಸ್ಪಷ್ಟವಾಗಿ ಹೇಳುವುದಿಲ್ಲ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದಲ್ಲಿರುವ (ಆರ್‌ಸಿ) ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಆರ್‌ಸಿಯಲ್ಲಿ ಚಾಸಿ ನಂಬರು, ಎಂಜಿನ್ ನಂಬರು, ಸಿಸಿ, ಬಣ್ಣ, ಇಂಧನ ಇರುತ್ತವೆಯೇ ಹೊರತು ಬ್ರೇಕಿನ ಬಗೆ ಇರುವುದಿಲ್ಲ. ಬಣ್ಣ ಬದಲಿಸಿದವರು ಅರ್ಜಿ ಕೊಟ್ಟು ಆರ್‌ಸಿಯಲ್ಲಿ ನಮೂದು ಮಾಡಿಸಿಕೊಳ್ಳಬಹುದು; ಬ್ರೇಕ್ ಉತ್ತಮಪಡಿಸಿಕೊಂಡವರು ಯಾರ ಬಳಿ ಹೋಗಿ ಏನನ್ನು ನಮೂದಿಸಬೇಕು? ಟ್ಯಾಂಕಿನ ಬಣ್ಣಕ್ಕೆ ಇರುವ ದಾರಿ ಪ್ರಾಣ ಉಳಿಸುವ ಭಾಗಕ್ಕೆ ಇಲ್ಲ ಎಂಬುದು ವಿಚಿತ್ರವಾಗಿ ತೋರುತ್ತದೆ.

ಡಿಸ್ಕ್ ಹಾಕಿಸಲೇಬೇಕು ಎಂದು ನಾನು ವಾದಿಸುತ್ತಿಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಹಳೆಯ ಫೋರ್ಕಿಗೆ ಪಟ್ಟಿ ಬೆಸುಗೆ ಹಾಕಿ, ಡಿಸ್ಕನ್ನು ಅಮುಕುವ ಕ್ಯಾಲಿಪರ್ ತೂಗಿಹಾಕುವ ಕೆಲಸವನ್ನು ಕೆಲವು ಗ್ಯಾರೇಜುಗಳಲ್ಲಿ ಕಂಡಿದ್ದೇನೆ. ಅದು ಬ್ರೇಕೇ ಇಲ್ಲದಿರುವುದಕ್ಕಿಂತಲೂ ಅಪಾಯ. ಹಾಕಿಸುವುದಾದರೆ ಅದೇ ಕಂಪನಿಯ ಮುಂದಿನ ಮಾದರಿಯ ಫೋರ್ಕು, ಹಬ್ಬು, ಚಕ್ರವನ್ನು ಒಟ್ಟಿಗೆ ಕೂರಿಸಬೇಕು. ಅಷ್ಟು ಖರ್ಚು ಬೇಡವೆನ್ನುವವರಿಗೆ ಡ್ರಮ್ ಬ್ರೇಕಿನಲ್ಲಿಯೇ ಸಾಕಷ್ಟು ಬಲ ಅಡಗಿದೆ. ಕಡ್ಡಿ (ಸ್ಪೋಕ್) ಬಿಗಿದ ಚಕ್ರದಲ್ಲಿ ಡ್ರಮ್ ಸೂಕ್ಷ್ಮವಾಗಿ ಓರೆಯಾಗುತ್ತದೆ. ಆದ್ದರಿಂದ ಮೊದಲು ಕಡ್ಡಿ ಕಟ್ಟಿಸಿ, ರಿಮ್ಮು ನೇರ ಮಾಡಿಸಿ, ಆಮೇಲೆ ಚಕ್ರವನ್ನು ಹಾಗೆಯೇ ಲೇತ್‌ಗೆ ಏರಿಸಿ ಡ್ರಮ್ಮಿನ ಒಳಮೈಯನ್ನು ಕೂದಲೆಳೆಯಷ್ಟು ಕೆತ್ತಿಸಬೇಕು; ಬಳಿಕ ಡ್ರಮ್ಮಿನ ಒಳಮೈಗೆ ಒತ್ತುವ ಬ್ರೇಕ್ ಶೂಗಳಿಗೆ ಹೊಸ ಲೈನರ್ ಹೊಂದಿಸಿ, ಅವನ್ನು ಆ ಅಳತೆಗೆ ಲೇತ್‌ನಲ್ಲಿ ತಿರುವಬೇಕು. ಕೇಬಲ್ ಹೊಸದಾಗಿರಬೇಕು. ಅನೇಕರು ಈ ಕ್ರಮವನ್ನು ತಿರುಗುಮುರುಗು ಮಾಡಿ, ಮೊದಲು ಡ್ರಮ್ ಕೆತ್ತಿಸಿ ಆಮೇಲೆ ಕಡ್ಡಿ ಬಿಗಿಸುತ್ತಾರೆ. ಬ್ರೇಕ್ ಹಿಡಿದಾಗ ಲಿವರ್ ಬೆರಳಿನಲ್ಲಿ ಮಿಡಿಯುವುದಕ್ಕೆ ಇದೂ ಒಂದು ಕಾರಣ. ಬಳ್ಳಾರಿಯ ಲೇತ್ ಅಂಗಡಿಗಳಲ್ಲಿ ಈ ಕೆಲಸ ಬಲ್ಲ ಹಿರಿಯ ಮಿಸ್ತ್ರಿಗಳು ಈಗಲೂ ಇದ್ದಾರೆ, ಆದರೆ ಅವರ ಕೈಕೆಳಗೆ ಕಲಿಯುವ ಹುಡುಗರು ಇಲ್ಲ. ಸರ್ಕಾರಿ ಐಟಿಐಗಳಲ್ಲಿ ಕಾರ್ಬ್ಯುರೇಟರ್, ಪಾಯಿಂಟ್ (ಎಂಜಿನ್ನಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡಿಸುವ ಸ್ವಿಚ್ಚು), ಡ್ರಮ್ ಬ್ರೇಕುಗಳ ಕೆಲಸಕ್ಕೆ ಚಿಕ್ಕದೊಂದು ತರಬೇತಿ ಇಟ್ಟು, ಇಂಥ ಹಿರಿಯರನ್ನೇ ಕರೆದು ಕಲಿಸುವಂತೆ ಮಾಡಬಾರದೇಕೆ?

ದೀಪದ ವಿಷಯದಲ್ಲಿ ತಪ್ಪು ಹೆಚ್ಚಾಗಿ ಮಾಲೀಕರದ್ದೇ. ಆರು ವೋಲ್ಟಿನ ಗಾಡಿಯ ದೀಪ ಎಂಜಿನ್ ಸಣ್ಣಗೆ ನಡೆಯುವಾಗ ಮಂಕಾಗುವುದು ನಿಜ. ಅದಕ್ಕೆ ಹನ್ನೆರಡು ವೋಲ್ಟಿಗೆ ಬದಲಾಯಿಸಿಕೊಳ್ಳುವುದು ಸರಿಯಾದ ಪರಿಹಾರವಾದರೂ ಬ್ಯಾಟರಿ, ಬಲ್ಬು ಎರಡನ್ನೇ ಬದಲಿಸಿದರೆ ಸಾಲದು. ಚಾರ್ಜ್ ಮಾಡುವ ಕಾಯಿಲ್, ರೆಕ್ಟಿಫೈಯರ್, ಇಗ್ನಿಷನ್ ಕಾಯಿಲ್, ಹಾರ್ನ್ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಹಳೆಯ ವೈರುಗಳ ಹೊದಿಕೆ ನಮ್ಮ ಊರಿನ ಬೇಸಿಗೆಗೆ ಒಣಗಿ ಬಿರಿದು, ಹೆಡ್‌ಲೈಟ್ ಡೋಮಿನೊಳಗೆ ಟೇಪು ಸುತ್ತಿದ ಗಂಟುಗಳಷ್ಟೇ ಉಳಿದಿರುತ್ತವೆ. ಹಾಗಿದ್ದಾಗ ವೈರಿಂಗ್ ಪೂರ್ತಿ ಹೊಸದಾಗಿ ಹಾಕಿಸಿ ಫ್ಯೂಸ್ ಕೂರಿಸುವುದೇ ಮೊದಲ ಕೆಲಸ. ಇದನ್ನು ಬಿಟ್ಟು, ತಂತಿಯ ಬಲ್ಬಿಗಾಗಿ ರೂಪಿಸಿದ ರಿಫ್ಲೆಕ್ಟರಿನೊಳಗೆ ಸಿಕ್ಕಿದ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ಪೊಲೀಸರು ಸೈಲೆನ್ಸರ್ ಹುಡುಕುವಷ್ಟೇ ಶ್ರದ್ಧೆಯಿಂದ ಇಂಥ ದೀಪಗಳನ್ನೂ ಹುಡುಕಬೇಕು. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಮಾತ್ರ ಯಾರಿಗೂ ತೊಂದರೆ ಕೊಡದ, ಕಿಕ್ ಹೊಡೆಯುವ ಕಾಲಿಗೆ ನೆಮ್ಮದಿ ಕೊಡುವ ಸುಧಾರಣೆ.

ಎಂಜಿನ್ನಿನ ಬಲ ಹೆಚ್ಚಿಸುವ ಆಸೆಗೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಶತ್ರುವಿದೆ. ಸಂಡೂರಿನ ಕಡೆಯಿಂದ ಬರುವ ಗಾಡಿಯ ಕಾರ್ಬ್ಯುರೇಟರ್ ಬಾಯಿಯೊಳಗೆ ಬೆರಳಾಡಿಸಿದರೆ ಕೆಂಪು ಪುಡಿ ಅಂಟಿಕೊಳ್ಳುತ್ತದೆ. ಅದಿರಿನ ಆ ಧೂಳು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗನ್ನೂ ಉಜ್ಜಿ ಸವೆಸುತ್ತದೆ. ಹೀಗಿರುವಾಗ ಕಂಪನಿಯ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತೊಗೆದು ತೆರೆದ ಫಿಲ್ಟರ್ ಕೂರಿಸಿ, ಹೆಚ್ಚಿನ ಕಂಪ್ರೆಷನ್ನಿನ ಪಿಸ್ಟನ್ ಹಾಕಿಸಿ, ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಓಡಿಸಿದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆಸುವ ರೀಬೋರ್ ಖರ್ಚು ತಾನಾಗಿಯೇ ಹತ್ತಿರ ಬರುತ್ತದೆ. ಒಳಗಿನ ತಡೆಯನ್ನು ಕಿತ್ತ ಸೈಲೆನ್ಸರಿನ ಕಥೆಯೂ ಹೀಗೆಯೇ. ಎರಡು ಸ್ಟ್ರೋಕಿನ ಆರ್‌ಎಕ್ಸ್ 100, ಯೆಜ್ಡಿಗಳಲ್ಲಿ ಹೊಗೆ ಕೊಳವೆಯ ಉದ್ದ, ಆಕಾರಗಳೇ ಎಂಜಿನ್ನಿನ ಬಲದ ಒಂದು ಭಾಗ. ಅದನ್ನು ಕತ್ತರಿಸಿದವರು ಹಣ ಕೊಟ್ಟು ಬಲ ಕಳೆದುಕೊಳ್ಳುತ್ತಾರೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳಿದ್ದರೂ ವಿಮ್ಸ್ ಆಸ್ಪತ್ರೆಯ ಮುಂದೆಯೇ ಗುಡುಗಿಸಿಕೊಂಡು ಹೋಗುವವರ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯಲಾರೆ. ಇವರನ್ನು ಹಿಡಿಯುವಾಗ, ಅಂಥ ಸೈಲೆನ್ಸರ್ ಮಾರುವ ಅಂಗಡಿಗೂ ಒಮ್ಮೆ ಹೋಗಿಬರಬೇಕೆಂಬುದು ಮಾತ್ರ ನನ್ನ ವಿನಂತಿ.

ಇನ್ನೊಂದು ಬದಲಾವಣೆಯನ್ನು ಮಾಲೀಕರು ಬಯಸಿದ್ದಲ್ಲ, ಬಂಕಿನಲ್ಲಿ ಬಂದದ್ದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಸಿಗುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿಯುತ್ತದೆ; ಹಳೆಯ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ರಬ್ಬರ್ ವಾಷರುಗಳು ಉಬ್ಬುತ್ತವೆ ಅಥವಾ ಬಿರಿಯುತ್ತವೆ. ಎಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರವಾದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಎಥೆನಾಲ್ ತಾಳುವ ಪೈಪು ಮತ್ತು ಸೀಲುಗಳನ್ನು ಹಾಕಿಸಿ, ಅಗತ್ಯವಿದ್ದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಮಾಡಿಸುವುದು ಈಗ ಪ್ರತಿಯೊಬ್ಬ ಹಳೆಯ ಬೈಕ್ ಮಾಲೀಕರ ಪಾಲಿಗೆ ಬಂದಿದೆ. ಇಂಧನವನ್ನು ಬದಲಿಸಿದ ಸರ್ಕಾರ, ಹಳೆಯ ಗಾಡಿಗಳವರು ಏನು ಮಾಡಿಸಿಕೊಳ್ಳಬೇಕು ಎಂಬುದನ್ನು ಬಂಕುಗಳಲ್ಲಿ ಕನ್ನಡದ ಒಂದು ಫಲಕದಲ್ಲಾದರೂ ತಿಳಿಸಬಹುದು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದದ್ದು ಸ್ವಾಗತಾರ್ಹ. ಆದರೆ ಅದು 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ ಮಾತ್ರ. ಹೊಸ ನೋಂದಣಿ ಶುಲ್ಕ ₹20,000. ಮೇಳಗಳಿಗೆ ಒಯ್ಯುವವರಿಗೆ ಅದು ಸರಿ. ಹೊಲಕ್ಕೆ, ಅಂಗಡಿಗೆ, ಕೆಲಸಕ್ಕೆ ಹಳೆಯ ಗಾಡಿಯಲ್ಲಿಯೇ ಹೋಗುವವರು ಅದರ ಹೊರಗೆ ಉಳಿಯುತ್ತಾರೆ.

ಇವರಿಗಾಗಿ ಹೊಸ ವ್ಯವಸ್ಥೆಯನ್ನೇನೂ ಕಟ್ಟಬೇಕಾಗಿಲ್ಲ. 15 ವರ್ಷ ತುಂಬಿದ ಬೈಕನ್ನು ನವೀಕರಣಕ್ಕಾಗಿ ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ಯಲೇಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿಯೇ ₹300ರಿಂದ ₹1,000ಕ್ಕೆ ಏರಿತು. ಆ ತಪಾಸಣೆಯ ದಿನ ಇನ್‌ಸ್ಪೆಕ್ಟರ್ ಚಾಸಿ ನಂಬರು ನೋಡುವುದರ ಜೊತೆಗೆ ಗಾಡಿಯನ್ನು ಒಮ್ಮೆ ಓಡಿಸಿ, ಬ್ರೇಕ್ ಹಿಡಿದು, ದೀಪದ ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಲಿ. ಬದಲಿಸಿದ ಬ್ರೇಕ್, ದೀಪ, ಇಗ್ನಿಷನ್ ಮಾನ್ಯ ಬಿಡಿಭಾಗಗಳೇ ಆಗಿದ್ದು ಬಿಲ್ ಇದ್ದರೆ, ಅದನ್ನು ದಾಖಲೆಯಲ್ಲಿ ನಮೂದಿಸುವ ಅಧಿಕಾರ ಅವರಿಗೆ ಸಿಗಲಿ. ಯಾವ ಬದಲಾವಣೆಗೆ ಅನುಮತಿ ಬೇಕು, ಯಾವುದಕ್ಕೆ ಬೇಡ, ಯಾವುದು ಸುತರಾಂ ಕೂಡದು ಎಂಬ ಪಟ್ಟಿಯನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಆರ್‌ಟಿಒ ಕಚೇರಿಗಳ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲು ಸಾರಿಗೆ ಇಲಾಖೆ ಮುಂದಾಗಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಹಳೆಯ ಬುಲೆಟ್ ಮಾಲೀಕರೊಬ್ಬರು
ಕೌಲ್ ಬಜಾರ್, ಬಳ್ಳಾರಿ