ತೊಂಬತ್ತೈದು ಅಂದ್ರೆ ಮೂವತ್ತೈದು

ಇಲಿನಾಯ್, ಅಮೆರಿಕ, ಆಗಸ್ಟ್ 28

ತೀರ್ಥರೂಪ ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ಉಭಯ ಕುಶಲೋಪರಿ. ನಾನಿಲ್ಲಿ ಕ್ಷೇಮ.

ಅಮ್ಮ, ಸೌಮ್ಯನ ಕೈಲಿ ಬರೆಸಿದ ನಿನ್ನ ಕಾಗದ ಓದಿದೆ. ಫೋನಲ್ಲೇ ಹೇಳೋಣ ಅಂದ್ರೆ ನನ್ನ ಬೆವರಿದ ಮುಖ ಕಂಡ ಕೂಡಲೇ ಕಣ್ಣಲ್ಲಿ ನೀರು ಹಾಕ್ತೀಯ. ಅಪ್ಪ ಗಿರಣಿ ಸದ್ದಲ್ಲಿ "ಹಾಂ? ಹಾಂ?" ಅಂತಾರೆ. ಅದಕ್ಕೇ ಬರೀತಿದೀನಿ. ಸೌಮ್ಯ, ಪ್ರಿಂಟ್ ತೆಗೆಸಿ ಇಬ್ಬರಿಗೂ ಓದಿ ಹೇಳು. ಒಂದು ಸಾಲೂ ಬಿಡಬೇಡ.

ಮೊದಲು ಆ 95 ಡಿಗ್ರಿ ವಿಷಯ. ನೀರು ಕುದಿಯೋಕೆ ಐದೇ ಡಿಗ್ರಿ ಕಮ್ಮಿ ಇರೋ ಊರಲ್ಲಿ ನನ್ನ ಮಗಳಿದಾಳೆ ಅಂತ ಬೀದಿಗೆಲ್ಲ ಹೇಳಿದೀಯಂತೆ. ಅದು ಫ್ಯಾರನ್‌ಹೀಟಮ್ಮ. ಜ್ವರ ನೋಡೋ ಥರ್ಮಾಮೀಟರಲ್ಲಿ 98, 99 ಅಂತ ಇರುತ್ತಲ್ಲ, ಅದೇ ಲೆಕ್ಕ. ಈ ಜನ ಹವೆಗೂ ಅದನ್ನೇ ಹಿಡ್ಕೊಂಡು ಕೂತಿದಾರೆ. ನಮ್ಮ ಲೆಕ್ಕಕ್ಕೆ 35. ಚಳ್ಳಕೆರೇಲಿ ಶಿವರಾತ್ರಿ ಕಳೆದ ಮೇಲೆ ಬರೋ ಬಿಸಿಲು, ಅಷ್ಟೆ.

ಮಂಜಕ್ಕ ಹೇಳಿದ್ದು, ಶಿಕಾಗೋದಲ್ಲಿ ಬಿಸಿಲಿಗೆ ಏಳುನೂರು ಜನ ಹೋದರು ಅನ್ನೋದು, ಸುಳ್ಳಲ್ಲ. ಆದರೆ ಅದು 1995ರ ಜುಲೈನಲ್ಲಿ, ನಾನಿನ್ನೂ ಹುಟ್ಟೇ ಇರಲಿಲ್ಲ. ಹೋದವರಲ್ಲಿ ಹೆಚ್ಚಿನವರು ವಯಸ್ಸಾದವರು, ಕಿಟಕಿ ಬಾಗಿಲು ಮುಚ್ಚಿಕೊಂಡು ಒಂಟಿಯಾಗಿದ್ದವರು. ನಮ್ಮ ಹಾಸ್ಟೆಲಲ್ಲಿ ಒಂಟಿಯಾಗಿರಬೇಕು ಅಂದ್ರೂ ಆಗಲ್ಲ. ಬಚ್ಚಲಿಗೂ ಕ್ಯೂ.

ಸೆಕೆ ಇಲ್ಲ ಅಂತ ಸುಳ್ಳು ಹೇಳಲ್ಲ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ. ಅದು ಬೆವರುತ್ತೆ ಅಂತ ಇಲ್ಲಿಯವರು ಹೇಳಿದಾಗ ನನಗೂ ನಗು ಬಂತು, ಆದರೆ ನಿಜವಂತೆ. ಒಂದು ಎಕರೆ ಜೋಳದ ಎಲೆಯಿಂದ ದಿನಕ್ಕೆ 11,000 ಲೀಟರ್‌ಗೂ ಹೆಚ್ಚು ನೀರು ಆವಿಯಾಗಿ ಗಾಳಿ ಸೇರುತ್ತೆ. ಅದಕ್ಕೇ ನಮ್ಮೂರಿನ ಒಣ ಬಿಸಿಲಿನ ಹಾಗಲ್ಲ. ಮೈ ಬೆವರು ಆರೋದೇ ಇಲ್ಲ, ಮಂಗಳೂರಲ್ಲಿ ಅತ್ತೆ ಮನೇಲಿ ಇದ್ದ ಹಾಗೆ. ಹಾಸ್ಟೆಲ್ ಕಟ್ಟಿದ್ದು ಚಳಿಗೆ. ದಪ್ಪ ಇಟ್ಟಿಗೆ ಗೋಡೆ, ಗೋಡೆ ಪಕ್ಕ ರೂಮು ಬಿಸಿ ಮಾಡೋ ಕಬ್ಬಿಣದ ರೇಡಿಯೇಟರ್. ಜನವರಿಯಲ್ಲಿ ಅದೇ ದೇವರು. ಈಗ ಅದರ ಮೇಲೆ ಸಾಕ್ಸ್ ಒಣಹಾಕ್ತೀವಿ. ನನ್ನದು ಮೂರನೇ ಮಹಡಿ, ಪಡುವಣ ಕಿಟಕಿ, ಅದೂ ಒಂದು ಗೇಣು ತೆರೆದು ನಿಂತುಬಿಡುತ್ತೆ. ಯಾರೂ ಬೀಳದೆ ಇರಲಿ ಅಂತ ಮೊಳೆ ಹೊಡೆದಿದಾರೆ. ರಾತ್ರಿ ಹನ್ನೆರಡಕ್ಕೂ ಗೋಡೆ ಮುಟ್ಟಿದ್ರೆ ಒಲೆಯಿಂದ ಇಳಿಸಿದ ಹೆಂಚು.

ನನ್ನ ಜೊತೆ ಇರೋಳು ಟೆಕ್ಸಾಸ್‌ನವಳು. ಟೆಕ್ಸಾಸ್ ಇದಕ್ಕಿಂತ ಬಿಸಿಲು, ಆದರೆ ಹುಟ್ಟಿದಾಗಿಂದ ಎ.ಸಿ.ಯೊಳಗೇ ಬೆಳೆದವಳು. ದಿಂಬಿನ ಕವರನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಲ್ಲಿಟ್ಟು ಮಲಗೋ ಹೊತ್ತಿಗೆ ತೆಗೀತಾಳೆ! ನಾನು ಅಜ್ಜಿ ಲಾವಂಚದ ತಟ್ಟಿಗೆ ನೀರು ಚಿಮುಕಿಸ್ತಿದ್ದ ಹಾಗೆ ಒದ್ದೆ ಟವೆಲ್ ಫ್ಯಾನ್ ಮುಂದೆ ಕಟ್ಟಿದೆ. ಮೆಚ್ಚಿಕೊಂಡಳು. ಉಪಯೋಗವೇನೂ ಆಗಲಿಲ್ಲ, ಗಾಳಿಯೇ ಒದ್ದೆ ಇದ್ಮೇಲೆ ಟವೆಲ್ ಏನು ಮಾಡೀತು? ಆಮೇಲೆ ಪಕ್ಕದ ರೂಮಿನವರು ಹೇಳಿಕೊಟ್ಟರು: ಸಂಜೆ ಫ್ಯಾನನ್ನ ಕಿಟಕಿ ಕಡೆ ಮುಖ ಮಾಡಿಟ್ಟು ಒಳಗಿನ ಬಿಸಿ ಹೊರಗೆ ತಳ್ಳಬೇಕು, ಬಾಗಿಲಿಂದ ತಣ್ಣನೆ ಗಾಳಿ ಬರುತ್ತೆ ಅಂತ. ಅದು ಕೆಲಸ ಮಾಡುತ್ತೆ. ತೀರಾ ಆಗದ ರಾತ್ರಿ ಕೆಳಗಿನ ಹಾಲಿಗೆ ಎಲ್ಲರೂ ದಿಂಬು ಹಿಡಿದು ಇಳೀತೀವಿ, ಅಲ್ಲಿ ಮಾತ್ರ ಎ.ಸಿ. ಇದೆ. ಮದುವೆ ಹಿಂದಿನ ರಾತ್ರಿ ಛತ್ರದಲ್ಲಿ ಮಲಗಿದ ಹಾಗೆ, ಯಾರ ಕಾಲು ಯಾರ ತಲೆ ಹತ್ರ ಅಂತ ಗೊತ್ತಾಗಲ್ಲ. ತಲೆ ಸುತ್ತಿ ಬಂದದ್ದು ಒಂದೇ ಸಲ, ಅದೂ ತಿಂಡಿ ತಿಂದಿರಲಿಲ್ಲ ಅಂತ. ಪೂರ್ತಿ ಆರಾಮಾಗಿದೀನಿ.

ಈಗ ಅಸಲು ಮಾತು. ಅಪ್ಪ, ಕಣ್ಣಿನ ಆಪರೇಷನ್‌ಗೆ ಅಂತ ಎತ್ತಿಟ್ಟ ನಲವತ್ತು ಸಾವಿರ ನನ್ನ ಎ.ಸಿ.ಗೆ ಕಳಿಸ್ತೀರಂತೆ. ಕಳಿಸಬೇಡಿ. ಕಿಟಕಿಗೆ ಕೂರಿಸೋ ಎ.ಸಿ. ತಂದರೂ ಇಲ್ಲಿ ಹಾಕೋಕೆ ಬಿಡಲ್ಲ, ಹಳೇ ವೈರಿಂಗ್ ತಡೆಯಲ್ಲ. ಇನ್ನು ಮೂರು ವಾರಕ್ಕೆ ತಣ್ಣಗಾಗುತ್ತೆ, ಆಮೇಲೆ ಸ್ವೆಟರ್ ಹಾಕ್ಕೋ ಅಂತ ಅಮ್ಮನೇ ಗೋಳಾಡ್ತಾಳೆ.

ನಿಮ್ಮ ಟವೆಲ್ ವಿಷಯ ಸೌಮ್ಯ ಬೇರೆ ಬರೆದಳು. ಅವಳನ್ನ ಬೈಬೇಡಿ. ಹೆಗಲ ಮೇಲಿನ ಟವೆಲ್ ಗಿರಣಿ ಬೆಲ್ಟಿಗೆ ಸಿಕ್ಕಿ ಎಳಕೊಂಡು ಹೋಯ್ತಂತೆ, ನೀವು ಬಿಟ್ಟುಕೊಟ್ಟಿದ್ದಕ್ಕೆ ಕೈ ಉಳೀತಂತೆ. ಓದಿದಾಗಿಂದ ನನಗೆ ನಿದ್ದೆ ಇಲ್ಲ, ಸೆಕೆಗಲ್ಲ. ರಾಗಿ ಹಿಟ್ಟು ಬೀಳೋವಾಗ ಅಂಗೈ ಒಡ್ಡಿ, ಬಿಸಿ ಎಷ್ಟಿದೆ ಅಂತ ನೋಡಿ ಕಲ್ಲು ಸಡಿಲ ಮಾಡ್ತೀರಲ್ಲ, ಅದಕ್ಕೆ ಕಣ್ಣು ಬೇಕಿಲ್ಲ, ಗೊತ್ತು. ಬೆಲ್ಟಿಗೆ ಕಣ್ಣು ಬೇಕು. ತಕ್ಕಡಿ ಅಂಕಿ ಕಾಣದೆ ಗಿರಾಕಿ ಕೈಲೇ ಓದಿಸ್ತೀರಂತೆ.

ಪೊರೆ ಇನ್ನೂ ಬಲಿತಿಲ್ಲ ಅಂತ ಹೇಳ್ತಾ ಇದೀರಿ. ಅದು ತಾತನ ಕಾಲದ ಮಾತು. ಈಗ ಸಣ್ಣ ರಂಧ್ರ ಮಾಡಿ ಪೊರೆ ಪುಡಿಮಾಡಿ ಹೀರಿ, ಲೆನ್ಸ್ ಕೂರಿಸ್ತಾರೆ. ಬಲಿತು ಗಟ್ಟಿಯಾದಷ್ಟೂ ಕಷ್ಟ ಜಾಸ್ತಿ. ಅವತ್ತೇ ಮನೆಗೆ ಬರ್ತೀರಿ. ದುಡ್ಡೇ ಬೇಡ ಅಂದ್ರೆ ಜಿಲ್ಲಾ ಆಸ್ಪತ್ರೇಲಿ ಬಿಟ್ಟಿ ಮಾಡ್ತಾರೆ. ದುಡ್ಡಲ್ಲ ಕಾರಣ, ಆಮೇಲೆ ಒಂದು ತಿಂಗಳು ಹಿಟ್ಟಿನ ಧೂಳಿಗೆ ಹೋಗಬಾರದು, ಅದೇ ಅಲ್ವಾ? ಅಷ್ಟು ದಿನ ಗಿರಣಿ ಸೀನ ನಡೆಸ್ತಾನೆ. ಗಿರಣಿ ಕಲ್ಲು ಕುಟ್ಟಿ ಹರಿತ ಮಾಡೋಕೆ ಬರಲ್ಲ ಅನ್ನಬೇಡಿ, ನೀವು ಹೊರಗೆ ಜಗುಲೀಲಿ ಕೂತು ಹೇಳಿದ್ರೆ ಮಾಡ್ತಾನೆ. ಗಿರಾಕಿ ಬೇರೆ ಕಡೆ ಹೋದರೆ ಹೋಗಲಿ, ನಿಮ್ಮ ಹಿಟ್ಟು ತಿಂದವರು ವಾಪಸ್ ಬರ್ತಾರೆ. ನನಗೆ ಇಲ್ಲಿ ಸ್ಟೈಪೆಂಡ್ ಬರ್ತಿದೆ, ಸಾಲದ ಕಂತು ಅದರಲ್ಲೇ ಕಟ್ಟುತಿದೀನಿ, ಯಾರೂ ಚಿಂತೆ ಮಾಡಬೇಡಿ.

ಆಪರೇಷನ್ ದಿನ ಗೊತ್ತಾದ ಮೇಲೆ ಆ ಚೀಟಿ ಫೋಟೋ ಸೌಮ್ಯ ಕಳಿಸಲಿ. ಅಲ್ಲಿವರೆಗೆ ನಾನು ಫೋನಲ್ಲಿ ಮುಖ ತೋರಿಸಲ್ಲ, ಅಮ್ಮ ಅತ್ತರೂ ಸರಿ.

ಕೆಳಗೆ ವಾಷಿಂಗ್ ಮಷಿನ್ ನಿಂತಿರುತ್ತೆ, ತಡ ಮಾಡಿದ್ರೆ ಒದ್ದೆ ಬಟ್ಟೆ ಎತ್ತಿ ಎಲ್ಲಿ ಬೇಕಾದ್ರೂ ಎಸೀತಾರೆ. ಚಿಕ್ಕಪ್ಪನಿಗೆ, ಅಜ್ಜಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪುಟ್ಟಿ

ಮರೆತೆ ಅಮ್ಮ: ಮನೇಲಿರೋ ಟವೆಲ್ಲೆಲ್ಲ ಬೀರುವಿಗೆ ಹಾಕಿ ಬೀಗ ಹಾಕು. ಅಪ್ಪನಿಗೆ ಜೇಬಲ್ಲಿಡೋ ಕರ್ಚೀಫ್ ಕೊಡು.